ಕಬುಕಿಚೋ: ಮೂರು ಸಾವಿರ ಯೆನ್ ಎಂದು ಕರೆದವನ ಹಿಂದೆ ಹೋಗಬೇಡಿ

ಟೋಕಿಯೋದ ಶಿಂಜುಕು ನಿಲ್ದಾಣದ ಪೂರ್ವದ್ವಾರದಿಂದ ಕೆಲವೇ ನಿಮಿಷ ನಡೆದರೆ ಸಿಗುವ ಕಬುಕಿಚೋ, ಆ ನಗರದ ರಾತ್ರಿಯನ್ನು ನೋಡಬೇಕೆನ್ನುವ ಪ್ರವಾಸಿಗರು ಸಾಮಾನ್ಯವಾಗಿ ತಪ್ಪಿಸದ ಜಾಗ. ಅಲ್ಲಿನ ಕೆಂಪು ನಿಯಾನ್ ಕಮಾನಿನ ಚಿತ್ರ ತೆಗೆದುಕೊಂಡು ನಾನು ಹಿಂದಿರುಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಕೋಟು ತೊಟ್ಟ ಯುವಕನೊಬ್ಬ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಒಂದು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದು, 3,000 ಯೆನ್ ಮಾತ್ರ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನು ಹಾಗೆ ಹೇಳುತ್ತಿದ್ದಾಗಲೇ ಬೀದಿಯ ಧ್ವನಿವರ್ಧಕವು, ಕರೆಯುವವರ ಹಿಂದೆ ಹೋದರೆ ಮೋಸಹೋಗುವಿರಿ ಎಂದು ಸಾರುತ್ತಿತ್ತು. ಅದನ್ನು ಕೇಳಿ ನಾನು ನಕ್ಕೆ, ಅವನೂ ನಕ್ಕ. ಇಬ್ಬರೂ ಲಿಫ್ಟ್ ಹತ್ತಿದೆವು.

ಆರನೇ ಮಹಡಿಯ ಆ ಬಾರಿನಲ್ಲಿ ದರಪಟ್ಟಿ ಮೇಜಿಗೆ ಬರಲಿಲ್ಲ. ಪಕ್ಕದಲ್ಲಿ ಬಂದು ಕುಳಿತ ಇಬ್ಬರು ಯುವತಿಯರು ತಮಗೂ ಪಾನೀಯ ತರಿಸಬಹುದೇ ಎಂದು ಕೇಳಿದಾಗ, ಅದೂ ಹೇಳಿದ ದರದೊಳಗೇ ಸೇರಿದೆಯೆಂದು ಭಾವಿಸಿ ತಲೆಯಾಡಿಸಿದೆ. ಒಂದು ಗಂಟೆಯ ನಂತರ ಬಂದ ಬಿಲ್ಲಿನಲ್ಲಿದ್ದದ್ದು 1,48,000 ಯೆನ್. ಮೊದಲು ಹೇಳಿದ್ದು ನನ್ನೊಬ್ಬನ ಕುಡಿತಕ್ಕೆ ಮಾತ್ರವಂತೆ. ಕುಳಿತದ್ದಕ್ಕೆ, ಯುವತಿಯರ ಲೋಟಗಳಿಗೆ, ಸೇವೆಗೆ, ವಾರಾಂತ್ಯಕ್ಕೆ ಬೇರೆ ಬೇರೆ ಶುಲ್ಕವಂತೆ. ಜಪಾನಿನಲ್ಲಿ ಪ್ರಾಮಾಣಿಕವಾದ ಸಣ್ಣ ಬಾರುಗಳೂ ಕುಳಿತದ್ದಕ್ಕೆಂದು ಒಂದಿಷ್ಟು ಯೆನ್ ಪಡೆಯುವುದರಿಂದ, ಇಂಥ ಬಿಲ್ಲು ಮೇಲ್ನೋಟಕ್ಕೆ ಅಲ್ಲಿನ ಪದ್ಧತಿಯಂತೆಯೇ ಕಾಣುತ್ತದೆ. ಕರೆತಂದವನನ್ನು ಕರೆಸಿ ಎಂದರೆ, ಅವನು ನಮ್ಮವನಲ್ಲ ಎಂಬ ಉತ್ತರ ಬಂತು. ಇಬ್ಬರು ಲಿಫ್ಟಿಗೆ ಅಡ್ಡವಾಗಿ ನಿಂತರು. ಯಾರೂ ಮೈಮುಟ್ಟಲಿಲ್ಲ, ದನಿಯೇರಿಸಲಿಲ್ಲ. ಬಿಲ್ಲಿನ ಮೊತ್ತವನ್ನಷ್ಟೇ ಮತ್ತೆ ಮತ್ತೆ ತೋರಿಸಿದರು.

ಟೋಕಿಯೋದ ರೈಲುಗಳು ನಡುರಾತ್ರಿ ದಾಟಿ ಸುಮಾರು ಒಂದು ಗಂಟೆಯ ಹೊತ್ತಿಗೆ ನಿಂತರೆ, ಮತ್ತೆ ಹೊರಡುವುದು ಬೆಳಗಿನ ಐದರ ಆಸುಪಾಸಿನಲ್ಲಿ. ರಾತ್ರಿ ಹತ್ತರ ನಂತರ ಟ್ಯಾಕ್ಸಿ ದರವೂ ಶೇಕಡಾ 20ರಷ್ಟು ಹೆಚ್ಚು. ಕೊನೆಯ ರೈಲಿನ ಚಿಂತೆಯಲ್ಲಿರುವವನು ಹೆಚ್ಚು ವಾದಿಸುವುದಿಲ್ಲವೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕಾರ್ಡ್ ಕೊಟ್ಟು ಪಿನ್ ಒತ್ತಿದೆ.

ಒತ್ತಬಾರದಿತ್ತು. ದರದ ಬಗ್ಗೆ ತಕರಾರಿದೆ, ಕೋಬಾನ್‌ನಲ್ಲಿ, ಅಂದರೆ ಅಲ್ಲಿನ ಪೊಲೀಸ್ ಚೌಕಿಯಲ್ಲಿ, ಮಾತನಾಡೋಣ ಎಂದು ಪಟ್ಟುಹಿಡಿದು ಪೊಲೀಸರ ತುರ್ತು ಸಂಖ್ಯೆ 110ಕ್ಕೆ ಕರೆ ಮಾಡಬೇಕಿತ್ತು. ಟೋಕಿಯೋ 2000ದಲ್ಲೇ ಇಂಥ ಸುಲಿಗೆಯ ವಿರುದ್ಧ ಪ್ರತ್ಯೇಕ ಕಟ್ಟಳೆ ಮಾಡಿದೆಯಾದರೂ, ಬೆಲೆಯ ಜಗಳವನ್ನು ಸಿವಿಲ್ ವ್ಯಾಜ್ಯವೆಂದು ಪೊಲೀಸರು ದೂರವಿಡುವುದೂ ಉಂಟು. ಆದರೆ ಹಣ ಇನ್ನೂ ನಮ್ಮ ಬಳಿಯಿರುವಾಗ ಅವರೆದುರು ನಿಲ್ಲುವುದಕ್ಕೂ ಕೊಟ್ಟ ಮೇಲೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಮರುದಿನ ನಾನು ಹೋದಾಗ ಅವರು ಸೌಜನ್ಯದಿಂದಲೇ ಕೇಳಿಕೊಂಡು, ತಾವೇ ಪಾವತಿಸಿದ್ದೀರಲ್ಲ ಎಂದರು. ಪಿನ್ ಒತ್ತಿದ ವ್ಯವಹಾರವನ್ನು ವಂಚನೆಯೆಂದು ಬ್ಯಾಂಕೂ ಒಪ್ಪಲಿಲ್ಲ. ಕಾರ್ಡಿನ ವಿವರದಲ್ಲಿ ಆ ಬಾರಿನ ಹೆಸರಿರಲಿಲ್ಲ. ನಾನೆಂದೂ ಕಾಲಿಡದ ಊಟದ ಹೋಟೆಲೊಂದರ ಹೆಸರಿತ್ತು.