ಸಯನೋಟೈಪ್, ಲ್ಯೂಮೆನ್, ಅರಿಶಿನ: ಕ್ಯಾಮೆರಾ ಇಲ್ಲದ ಫೋಟೋಗೆ ಯಾವುದು ಸರಿ?

ಈ ಮೂರರಲ್ಲೂ ಬೆಳಕಿಗೆ ಬಣ್ಣ ಬದಲಿಸುವ ಕಾಗದದ ಮೇಲೆ ಎಲೆ, ಹೂವು ಇಟ್ಟು ಬಿಸಿಲಿಗೆ ಬಿಟ್ಟು, ಅದರ ನೆರಳನ್ನೇ ಚಿತ್ರ ಮಾಡುವುದು. ಮೊದಲೇ ಹೇಳಿಬಿಡುತ್ತೇನೆ: ಒಂದೇ ವಿಧಾನ ಕಲಿಯಬೇಕು ಅಂದರೆ ನೀಲಿ ಚಿತ್ರ ಕೊಡುವ ಸಯನೋಟೈಪ್ ಕಲಿಯಿರಿ. ಆದರೆ ಕಾಗದದ ಮೇಲೆ ಏನಿಡುತ್ತೀರಿ ಅನ್ನುವುದರ ಮೇಲೆ ಈ ಮಾತು ಬದಲಾಗುತ್ತದೆ.

ಸಯನೋಟೈಪ್‌ಗೆ ಎರಡು ದ್ರಾವಣ ಬೇಕು. 100 ಮಿಲಿ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು, ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದು. ಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಕೈಗವಸು ಇರಲಿ, ಆಮ್ಲ ಹತ್ತಿರ ಸುಳಿಯುವುದು ಬೇಡ. ಬಿಸಿಲಿಗಿಟ್ಟರೆ ಹಳದಿ-ಹಸಿರು ಲೇಪ ನೀಲಿಗೆ ತಿರುಗುತ್ತದೆ. ಆಗಲೇ ತೆಗೆದರೆ ತೊಳೆಯುವಾಗ ಬಣ್ಣವೆಲ್ಲ ಹರಿದುಹೋಗುತ್ತದೆ. ನೀಲಿ ದಾಟಿ ಬೂದು-ಕಂದು ಬರುವವರೆಗೂ ಕಾಯಬೇಕು. ಆಮೇಲೆ ಬರೀ ನೀರು ಸಾಕು. ಹಳದಿ ಪೂರ್ತಿ ಹೋಗುವ ತನಕ ತೊಳೆದರೆ ಚಿತ್ರ ನಿಲ್ಲುತ್ತದೆ. ಸೋಡಾದಂಥ ಕ್ಷಾರ ತಾಗಿದರೆ ಮಾತ್ರ ನೀಲಿ ಮಸುಕಾಗುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಇದನ್ನು ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಕಡಲಪಾಚಿಗಳ ಸಯನೋಟೈಪ್‌ಗಳನ್ನು ಪುಸ್ತಕವಾಗಿ ಹೊರತರಲು ಶುರುಮಾಡಿದರು. ಪಾಚಿಯನ್ನೇ ಆರಿಸಿಕೊಂಡದ್ದು ಎಷ್ಟು ಸರಿ ಅನ್ನೋದು ನಾನೇ ಮಾಡಿ ನೋಡಿದಾಗ ಗೊತ್ತಾಯಿತು. ಒಣಗಿಸಿ ಚಪ್ಪಟೆ ಮಾಡಿದ್ದು, ಅಲ್ಲಲ್ಲಿ ಬೆಳಕು ಹಾಯುವಂಥದ್ದು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಜರೀಗಿಡದ ಎಲೆಯನ್ನು ಗಾಜಿನಡಿ ಒತ್ತಿ ಇಟ್ಟಾಗ ಅಂಚು ಕತ್ತರಿಸಿದಷ್ಟು ಚೂಪಾಗಿ ಬಂತು. ದಪ್ಪ ಹೂವಿಟ್ಟರೆ ಅಂಚೆಲ್ಲ ಮಬ್ಬು.

ಹಸಿ ಹೂವು, ರಸವಿರುವ ಎಲೆ ಇದ್ದರೆ ಲ್ಯೂಮೆನ್ ಪ್ರಿಂಟ್ ಮಾಡಿ. ಹಳೇ ಕಪ್ಪು-ಬಿಳುಪು ಫೋಟೋ ಪೇಪರ್ ಮೇಲೆ ಇಟ್ಟು ಬಿಸಿಲಿಗೆ ಬಿಡುವುದು, ಅಷ್ಟೇ. ಚಿತ್ರ ಮೂಡಿಸುವ ರಾಸಾಯನಿಕ, ಅಂದರೆ ಡೆವಲಪರ್, ಬೇಡ. ಕಪ್ಪು-ಬಿಳುಪು ಪೇಪರ್‌ನಲ್ಲಿ ಗುಲಾಬಿ, ನೇರಳೆ, ಇಟ್ಟಿಗೆ ಬಣ್ಣ ಏಳುತ್ತವೆ! ಎಲೆಯ ತೇವ ಪೇಪರ್‌ಗೆ ತಾಗಿದಲ್ಲಿ ಊಹಿಸದ ಕಲೆಗಳು ಮೂಡುತ್ತವೆ. ಸಯನೋಟೈಪ್‌ನಲ್ಲಿ ಇಂಥ ತೇವ ತೊಂದರೆ, ಇಲ್ಲಿ ಅದೇ ಸೊಗಸು. ಚಂದಕ್ಕೆ ಮಾತ್ರ ಅಂಕ ಕೊಡುವುದಾದರೆ ನನ್ನ ಓಟು ಲ್ಯೂಮೆನ್‌ಗೇ. ತಕರಾರು ಒಂದೇ. ಹೈಪೋಗೆ (ಚಿತ್ರವನ್ನು ಕಾಯಂ ಮಾಡುವ ದ್ರಾವಣ) ಹಾಕಿದರೆ ಚಿತ್ರ ಉಳಿಯುತ್ತದೆ, ಬಣ್ಣ ಮಾಸುತ್ತದೆ. ಹಾಕದಿದ್ದರೆ ಬೆಳಕು ಕಂಡಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಹಾಗಾಗಿ ತೆಗೆದ ಕೂಡಲೇ ಸ್ಕ್ಯಾನ್ ಮಾಡಿಕೊಳ್ಳಿ, ಒಂದೇ ಸಲ. ಸ್ಕ್ಯಾನರ್ ಬೆಳಕೂ ಬೆಳಕೇ ಅಲ್ವಾ?

ಅರಿಶಿನದ ಆಂಥೋಟೈಪ್, ಅಂದರೆ ಗಿಡದ ಬಣ್ಣದಿಂದಲೇ ಮಾಡುವ ಚಿತ್ರ, ಅಗ್ಗ. ಸ್ಪಿರಿಟ್‌ನಲ್ಲಿ ಅರಿಶಿನ ಕದಡಿ, ಸೋಸಿ, ಬಳಿದರೆ ಆಯಿತು. ಇಲ್ಲಿ ಆಟ ಉಲ್ಟಾ: ಬಿಸಿಲು ಬಣ್ಣವನ್ನು ಅಳಿಸುತ್ತದೆ, ಎಲೆ ಇದ್ದಲ್ಲಿ ಹಳದಿ ಉಳಿಯುತ್ತದೆ. ಆದರೆ ಗಂಟೆಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸೂರ್ಯ ಸರಿಯುತ್ತಾನೆ, ಎತ್ತರದ ವಸ್ತು ಇಟ್ಟರೆ ನೆರಳು ಕಲಸಿಹೋಗುತ್ತದೆ. ಚಿತ್ರ ಕೊನೆಗೂ ಬೆಳಕಿಗೆ ಮಾಸಿಯೇ ಮಾಸುತ್ತದೆ, ತಡೆಯುವ ದಾರಿಯಿಲ್ಲ. ಮಕ್ಕಳಿಗೆ ತೋರಿಸಲು ಚೆನ್ನ. ಗೋಡೆಗೆ ತೂಗುಹಾಕಲು ಬೇಡ.

ಗಾಜಿನ ಲೋಟ, ಸ್ಫಟಿಕ, ಬಾಟಲಿ ಇಡುವ ಆಸೆಯಿದ್ದರೆ ಈ ಮೂರನ್ನೂ ಬಿಟ್ಟು ಡಾರ್ಕ್‌ರೂಮ್ ಫೋಟೋಗ್ರಾಮ್‌ಗೆ ಹೋಗಿ: ಕತ್ತಲೆ ಕೋಣೆಯಲ್ಲಿ ಫೋಟೋ ಪೇಪರ್ ಮೇಲೆ ವಸ್ತು ಇಟ್ಟು ದೀಪದ ಬೆಳಕು ಬಿಡುವುದು. ಬೆಳಕು ಒಂದೇ ಕಡೆಯಿಂದ, ಕೆಲವೇ ಸೆಕೆಂಡು. ಗಾಜಿನೊಳಗೆ ಬಾಗಿದ ಬೆಳಕಿನ ಗೆರೆಗಳೂ ಪೇಪರ್ ಮೇಲೆ ಬೀಳುತ್ತವೆ. ಕೆಂಪು ದೀಪ, ಡೆವಲಪರ್, ಹೈಪೋ ಎಲ್ಲ ಹೊಂದಿಸಿಕೊಳ್ಳುವ ತಲೆನೋವು ಇದ್ದೇ ಇದೆ.