ಮಿರರ್ ಮಾಡಿಕೊಟ್ಟರು, ಅದು ಬೂಟ್ ಆಗಲೇ ಇಲ್ಲ: ಬಿಲ್ ಪಾವತಿಸುವ ಮುನ್ನ ಓದಿ

ಸೋಲಾರಿಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ, ಸ್ಪಾರ್ಕ್ ಪ್ರೊಸೆಸರಿನ ಸರ್ವರ್ ಇನ್ನೂ ಬಳಸುತ್ತಿರುವವರು, ಅದರ ನಿರ್ವಹಣೆಯನ್ನು ವಾರ್ಷಿಕ ಗುತ್ತಿಗೆಗೆ ಕೊಟ್ಟಿರುವವರು ದಯವಿಟ್ಟು ಇದನ್ನು ಓದಿ.

ನಮ್ಮ ಲೆಕ್ಕಪತ್ರ ವಿಭಾಗದ ಸರ್ವರ್‌ನ ರೂಟ್ ಡಿಸ್ಕನ್ನು (ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್) ಮಿರರ್ ಮಾಡಿಕೊಡಲು, ಅಂದರೆ ಇನ್ನೊಂದು ಡಿಸ್ಕಿನಲ್ಲೂ ಅದರದೇ ನಕಲು ಇರುವಂತೆ ಮಾಡಲು, ಗುತ್ತಿಗೆಯವರಿಗೆ ಹೇಳಿದೆವು. ಅವರ ಎಂಜಿನಿಯರ್ ಬಂದು ಆರ್‌ಪೂಲ್‌ಗೆ (ರೂಟ್ ಡಿಸ್ಕ್ ಇರುವ ಸಂಗ್ರಹ ಗುಂಪು, ಅಂದರೆ ಪೂಲ್) ಎರಡನೆಯ ಡಿಸ್ಕ್ ಸೇರಿಸಿದರು. ರಿಸಿಲ್ವರ್ (ಹೊಸ ಡಿಸ್ಕಿಗೆ ನಕಲು ಮಾಡುವ ಕೆಲಸ) ಮುಗಿದ ಮೇಲೆ ಎರಡರ ಮುಂದೆಯೂ ‘ಆನ್‌ಲೈನ್’ ಎಂದಿರುವುದನ್ನು ತೋರಿಸಿ, “ಇನ್ನು ಯಾವ ಡಿಸ್ಕ್ ಹೋದರೂ ಚಿಂತೆಯಿಲ್ಲ ಸರ್” ಎಂದರು. ಅದೇ ಮಾತನ್ನು ನಾನು ಆಡಳಿತ ಮಂಡಳಿಯ ಮುಂದೆ ಹೇಳಿದೆ. ಬಿಲ್ ಪಾಸಾಯಿತು.

ಆಮೇಲೆ ಮೊದಲ ಡಿಸ್ಕ್ ಕೆಟ್ಟಿತು. ಸರ್ವರ್ ಓಡುತ್ತಲೇ ಇತ್ತು. ಅವರೇ ಬಂದು, ಯಂತ್ರ ಆರಿಸಿ, ಕೆಟ್ಟ ಡಿಸ್ಕ್ ತೆಗೆದರು. ಮತ್ತೆ ಚಾಲೂ ಮಾಡಿದರೆ ಸೋಲಾರಿಸ್ ಶುರುವಾಗುವುದಕ್ಕೂ ಮುಂಚಿನ ‘ಓಕೆ’ ಪ್ರಾಂಪ್ಟ್‌ನಲ್ಲೇ ನಿಂತಿತು! ಎರಡನೆಯ ಡಿಸ್ಕಿನಿಂದ ಬೂಟ್ ಮಾಡಿಸಲು ಹೋದರೆ, ಲೋಡ್ ಆದ ಫೈಲು ಎಕ್ಸಿಕ್ಯೂಟ್ ಆಗುವಂಥದ್ದಲ್ಲ ಎಂಬ ಸಂದೇಶ. ಮತ್ತೊಮ್ಮೆ ಮಾಡಿದರೂ ಅದೇ. ಸಂಬಳದ ಪಟ್ಟಿ ಹೊರಡಬೇಕಾದ ದಿನ. ಕಾರ್ಯದರ್ಶಿಗಳು ಪಕ್ಕದಲ್ಲೇ ನಿಂತು, “ಡಿಸ್ಕ್ ಹೋದರೂ ನಡೆಯುತ್ತದೆ ಎಂದಿದ್ದಿರಲ್ಲ?” ಎಂದು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಸೋಲಾರಿಸ್‌ನ ಫೈಲ್ ಸಿಸ್ಟಮ್ ಆದ ಜೆಡ್‌ಎಫ್‌ಎಸ್‌ನಲ್ಲಿ ರಿಸಿಲ್ವರ್ ನಕಲು ಮಾಡುವುದು ಪೂಲ್‌ನೊಳಗಿನ ದತ್ತಾಂಶವನ್ನು ಮಾತ್ರ. ಯಂತ್ರವನ್ನು ಡಿಸ್ಕಿನಿಂದ ಚಾಲೂ ಮಾಡಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಬೂಟ್ ಬ್ಲಾಕ್, ಕೂರುವ ಜಾಗ ಅದರ ಹೊರಗಿದೆ. ಸೋಲಾರಿಸ್ 10ರಲ್ಲಿ ‘ಇನ್‌ಸ್ಟಾಲ್‌ಬೂಟ್’ ಕಮಾಂಡ್ ಕೊಟ್ಟು ಅದನ್ನು ಎರಡನೆಯ ಡಿಸ್ಕಿಗೆ ಬೇರೆಯಾಗಿ ಬರೆಯಬೇಕು. ಈ ಕೆಲಸಕ್ಕೆಂದೇ ದುಡ್ಡು ತೆಗೆದುಕೊಳ್ಳುವವರಿಗೆ ಇದು ಗೊತ್ತಿರಲೇಬೇಕು.

ಫೋನ್ ಮಾಡಿದರೆ ಅವರ ವ್ಯವಸ್ಥಾಪಕರ ಉತ್ತರ: “ನೀವು ಮಿರರ್ ಕೇಳಿದಿರಿ, ಮಿರರ್ ಮಾಡಿದ್ದೇವೆ. ಡೇಟಾ ಸುರಕ್ಷಿತವಾಗಿದೆಯಲ್ಲ?” ಬೂಟ್ ಆಗದ ರೂಟ್ ಡಿಸ್ಕ್ ಯಾರಿಗೆ ಬೇಕು ಎಂದು ಕೇಳಿದೆ. “ಹೊಸ ಆವೃತ್ತಿಯಲ್ಲಿ ಅದು ತಾನಾಗಿಯೇ ಆಗುತ್ತದೆ ಸರ್.” ಸೋಲಾರಿಸ್ 11ರಲ್ಲಿ ಆಗುತ್ತದೆ, ನಿಜ. ನಮ್ಮದು 10, ಅವರೇ ನಿರ್ವಹಿಸುತ್ತಿರುವ 10! ಕೊನೆಗೆ, “ಬೂಟ್ ಬ್ಲಾಕ್ ಕಾರ್ಯಾದೇಶದಲ್ಲಿಲ್ಲ, ಬೇರೆ ಕೊಟೇಶನ್ ಕಳುಹಿಸುತ್ತೇವೆ” ಎಂದರು. ಬೇರೆ ಕೊಟೇಶನ್!

ಹೊಟ್ಟೆ ಉರಿದದ್ದು ಆಮೇಲೆ. ಕೆಲಸ ಮುಗಿದ ವರದಿಗೆ ಅವರೇ ಲಗತ್ತಿಸಿದ್ದ ಟರ್ಮಿನಲ್ ದಾಖಲೆ ತೆಗೆದು ನೋಡಿದೆ. ಡಿಸ್ಕ್ ಸೇರಿಸಿದ ಕಮಾಂಡಿನ ಕೆಳಗೇ, ಈ ಡಿಸ್ಕ್ ಬೂಟ್ ಆಗಬೇಕಾದರೆ ಇನ್‌ಸ್ಟಾಲ್‌ಬೂಟ್ ಮರೆಯದೆ ಓಡಿಸಿ ಎಂದು ಸೋಲಾರಿಸ್ ತಾನೇ ಹೇಳಿದೆ. ಅವರ ಪರದೆಯ ಮೇಲೆಯೇ ಬಂದ ಸಾಲು, ಅವರೇ ಸಹಿ ಹಾಕಿ ಕೊಟ್ಟ ಕಾಗದ. ಅದನ್ನು ಮಾಡದೆಯೇ ‘ಪೂರ್ಣಗೊಂಡಿದೆ’ ಎಂದು ಬರೆದು ಹಣ ಪಡೆದರು.

ಕೊನೆಗೆ ಸೋಲಾರಿಸ್ ಡಿವಿಡಿಯಿಂದ ಸಿಂಗಲ್ ಯೂಸರ್‌ನಲ್ಲಿ (ದುರಸ್ತಿಗೆ ಬಳಸುವ ಸ್ಥಿತಿ) ಬೂಟ್ ಮಾಡಿ ಆ ಒಂದು ಕಮಾಂಡನ್ನು ನಾನೇ ಕೊಟ್ಟೆ. ಸರ್ವರ್ ಎದ್ದಿತು. ಒಂದೇ ಒಂದು ಕಮಾಂಡ್!

‘ಆನ್‌ಲೈನ್’ ಎಂದು ತೋರಿಸಿದ ಮಾತ್ರಕ್ಕೆ ಬಿಲ್ಲಿಗೆ ಸಹಿ ಹಾಕಬೇಡಿ. ಮೊದಲ ಡಿಸ್ಕ್ ಹೊರಗೆ ತೆಗೆಸಿ, ನಿಮ್ಮ ಕಣ್ಣೆದುರೇ ಎರಡನೆಯದರಿಂದ ಬೂಟ್ ಮಾಡಿಸಿ. ಯಾವ ಡಿಸ್ಕಿನಿಂದ ಬೂಟ್ ಆಗಬೇಕೆಂದು ಯಂತ್ರಕ್ಕೆ ಹೇಳುವ ‘ಬೂಟ್-ಡಿವೈಸ್’ ಪಟ್ಟಿಯಲ್ಲಿ ಎರಡೂ ಡಿಸ್ಕುಗಳಿವೆಯೇ ಎಂದೂ ನೋಡಿ. ಕಾರ್ಯಾದೇಶದಲ್ಲಿ ‘ಎರಡೂ ಡಿಸ್ಕುಗಳಿಂದ ಬೂಟ್ ಆಗಬೇಕು’ ಎಂದೇ ಬರೆಸಿ. ನಮ್ಮ ಗುತ್ತಿಗೆ ಈ ವರ್ಷ ನವೀಕರಣವಾಗುವುದಿಲ್ಲ.