ದೂರದ ಮಗಳಿಗೆ ವಾಟ್ಸಾಪ್ ಧ್ವನಿ ಸಂದೇಶ
ಬೆನ್ನಚೀಲ ಹೊತ್ತು ಆಸ್ಟ್ರೇಲಿಯಾ ಸುತ್ತುತ್ತಿರುವ ಮಗಳೊಡನೆ ಸಂಪರ್ಕದಲ್ಲಿರಲು ಕೊಡಗಿನ ನಾಪೋಕ್ಲಿನ ನಮ್ಮ ಮನೆಯವರು ಬಳಸುತ್ತಿರುವ ವಾಟ್ಸಾಪ್ ಸೌಲಭ್ಯಗಳಲ್ಲಿ ನನ್ನ ಮೊದಲ ಮತ ಧ್ವನಿ ಸಂದೇಶಕ್ಕೆ. ಮಳೆಗಾಲದಲ್ಲಿ ಕರೆಂಟು ಹೋಗಿ ಸಿಗ್ನಲ್ ಒಂದೇ ಗೆರೆಗೆ ಇಳಿದಾಗ ವಿಡಿಯೊ ಕರೆಯಲ್ಲಿ ಅವಳ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಧ್ವನಿ ಸಂದೇಶವಾದರೋ ತಡವಾಗಿಯಾದರೂ ಇಡಿಯಾಗಿ ತಲುಪುತ್ತದೆ, ಅಜ್ಜಿ ಅದನ್ನು ಫೋನು ಕಿವಿಗೊತ್ತಿಕೊಂಡು ಮತ್ತೆ ಮತ್ತೆ ಕೇಳುತ್ತಾರೆ. ಬ್ರಿಸ್ಬೇನ್ ನಮಗಿಂತ 4.5 ಗಂಟೆ ಮುಂದಿರುವುದರಿಂದ, ತೋಟದ ಕೆಲಸ ಮುಗಿಸಿ ನಾವು ರಾತ್ರಿಯೂಟಕ್ಕೆ ಕೂರುವಾಗ ಅವಳು ಮಲಗಿರುತ್ತಾಳೆ. ಈ ಅಂತರಕ್ಕೂ ಅದೇ ಮದ್ದು. ಅವಳು ಎಲ್ಲಿದ್ದಾಳೆಂದು ನಕ್ಷೆಯಲ್ಲಿ ಆಗಿಂದಾಗ್ಗೆ ತೋರಿಸುವ ವಾಟ್ಸಾಪಿನ ಲೈವ್ ಲೊಕೇಶನ್ ಸೌಲಭ್ಯವಾದರೋ ಒಮ್ಮೆಗೆ ಹೆಚ್ಚೆಂದರೆ 8 ಗಂಟೆ ಮಾತ್ರ ನಡೆಯುತ್ತದೆ. ರಾತ್ರಿಯಿಡೀ ಸಾಗುವ ಬಸ್ ಪ್ರಯಾಣಕ್ಕೆ ಅದು ಸಾಲದಾದ್ದರಿಂದ, ತಂಗುವ ಹಾಸ್ಟೆಲಿನ ವಿಳಾಸವನ್ನು ಹೊರಡುವ ಮುನ್ನವೇ ಬರೆದು ಕಳಿಸುವಂತೆ ಮಕ್ಕಳಿಗೆ ಹೇಳಿಡುವುದು ಒಳ್ಳೆಯದು.